ಗೋಳಿಬಜೆಯ ನಡಿಗೆ

ಬಿಸಿನೀರಿನಿಂದ ತೆಗೆದ ಕೊತ್ತಂಬರಿ ಸೊಪ್ಪನ್ನು ತೂತಿನ ಪಾತ್ರೆಯಲ್ಲಿ ಹರವಿ, ಇನ್ನೊಂದು ಕೈಯಲ್ಲಿ ದೋಸೆ ಮಗುಚುತ್ತಿದ್ದಾಗ, ಆಗಬೇಕಾದದ್ದು ಏನೋ ಒಂದು ಆಗಿಲ್ಲ ಎಂದು ನೀಲಾವತಿಗೆ ಅನ್ನಿಸಿತು. ಕಾವಲಿ ಹದವಾಗಿ ಕಾದಿತ್ತು. ಚಟ್ನಿಗೆ ಉಪ್ಪು ಬಿದ್ದಿತ್ತು. ಗಂಡ ಶೇಖರ ಬಚ್ಚಲಿನಲ್ಲಿ ಎಂದಿನಂತೆ ಇಡೀ ಘಾಟ್ಕೋಪರಿಗೆ ಕೇಳುವ ಹಾಗೆ ಗಂಟಲು ಸರಿಪಡಿಸಿಕೊಳ್ಳುತ್ತಿದ್ದ. ಹಾಗಾದರೆ ತಪ್ಪಿದ್ದು ಯಾವುದು ಎಂದು ಅವಳು ಸಟ್ಟುಗ ಹಿಡಿದುಕೊಂಡೇ ಯೋಚಿಸಿದಳು. ಆಮೇಲೆ ತಿಳಿಯಿತು. ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿ ಆಗಿತ್ತು, ಗೋಳಿ ಇನ್ನೂ ಕಾಲಬುಡಕ್ಕೆ ಬಂದಿರಲಿಲ್ಲ.

ಗೋಳಿ ಎಂದರೆ ಮಗಳು ನಮಿತಾ ಸಾಕಿದ ಗಿನಿಪಿಗ್. ಪೂರ್ತಿ ಹೆಸರು ಗೋಳಿಬಜೆ. ಲಾಕ್‌ಡೌನಿನ ಕಾಲದಲ್ಲಿ, ಊರಿಗೆ ಹೊರಟಿದ್ದ ಬಿಲ್ಡಿಂಗಿನ ಯಾರೋ ಕೊಟ್ಟುಹೋದ ಮುಷ್ಟಿಗಾತ್ರದ ಮರಿಯನ್ನು ಅವಳು ದುಪಟ್ಟಾದೊಳಗೆ ಮುಚ್ಚಿಕೊಂಡು ಮನೆಗೆ ತಂದಿದ್ದಳು. ಅದರ ಉರುಟು ಮೈಯನ್ನೂ ಆಗಷ್ಟೇ ಎಣ್ಣೆಯಿಂದ ಎತ್ತಿದಂಥ ಹೊಂಬಣ್ಣವನ್ನೂ ನೋಡಿ ಹೆಸರಿಟ್ಟವನು ಶೇಖರನೇ. ಹೆಸರಿಟ್ಟ ಮೇಲೆ ಅವನಿಗೆ ಭಯ ಹತ್ತಿತು. ಅಂಧೇರಿ ಸ್ಟೇಷನ್ನಿನ ಹತ್ತಿರ ಅವನದೊಂದು ಉಡುಪಿ ಹೋಟೆಲು. ಹೋಟೆಲಿನವರು ಮನೆಯಲ್ಲಿ ಇಲಿ ಸಾಕಿದ್ದಾರೆ ಎಂದು ಗಿರಾಕಿಗಳ ಕಿವಿಗೆ ಬಿದ್ದರೆ ಮುಗಿಯಿತು. ಇದರ ಫೋಟೋ ಮೊಬೈಲಿನಲ್ಲಿ ಎಲ್ಲಾದರೂ ಹಾಕಿದರೆ ಮರುದಿನವೇ ತನ್ನ ಅಂಗಡಿಗೆ ಬೀಗ ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದ. ಪಕ್ಕದ ಮನೆಯ ಗುಜರಾತಿ ಅಜ್ಜಿ ಮಾತ್ರ, ಗೋಳಿ ಗಣಪತಿಯ ವಾಹನಕ್ಕೆ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕೆಂದು ಬಗೆದು, ಬಾಗಿಲು ತೆರೆದಿದ್ದಾಗಲೆಲ್ಲ ಒಳಗಿಣುಕಿ ಕೈಮುಗಿದು ಹೋಗುತ್ತಿದ್ದಳು.

"ಗೋಳೀ" ಎಂದು ನೀಲಾವತಿ ಕರೆದಳು. ಬಾಲ್ಕನಿಯಿಂದ ವೀಕ್ ವೀಕ್ ಎಂದು ಉತ್ತರ ಬಂತು. ಸ್ವರ ಗಟ್ಟಿಯಾಗಿಯೇ ಇತ್ತು. ಆದರೆ ಇದ್ದಲ್ಲೇ ಇತ್ತು, ಹತ್ತಿರ ಬರಲಿಲ್ಲ.

ಮೊದಲೆಲ್ಲ ಹೀಗಿರಲಿಲ್ಲ. ಫ್ರಿಜ್ಜಿನ ಬಾಗಿಲಿನ ರಬ್ಬರು ಪಚ್ ಎಂದು ಬಿಟ್ಟುಕೊಂಡರೆ ಸಾಕು, ಬಾಲ್ಕನಿಯ ಮರದ ಪೆಟ್ಟಿಗೆಯಿಂದ ಹಲಗೆಯ ಜಾರುದಾರಿ ಇಳಿದು, ಹೊಸ್ತಿಲು ಹಾರಿ, ಹಾಲ್‌ನ ನುಣುಪು ಟೈಲ್ಸಿನ ಮೇಲೆ ಅರ್ಧ ಓಡುತ್ತ ಅರ್ಧ ಜಾರುತ್ತ ಬಂದು ಅವಳ ಹಿಮ್ಮಡಿಗೆ ಮೂಗು ತಾಗಿಸುತ್ತಿದ್ದ. ಖುಷಿ ಜಾಸ್ತಿಯಾದರೆ ನಿಂತಲ್ಲೇ ನಾಲ್ಕೂ ಕಾಲು ಎತ್ತಿ, ಬಿಸಿ ಬಾಣಲೆಗೆ ಬಿದ್ದ ಜೋಳದ ಹಾಗೆ ಚಿಮ್ಮುತ್ತಿದ್ದ. ಅವನು ಕೊನೆಯ ಸಲ ಹಾಗೆ ಚಿಮ್ಮಿದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ.

ಗ್ಯಾಸು ಸಣ್ಣ ಮಾಡಿ ಹೋಗಿ ನೋಡಿದಳು. ಗೋಳಿ ಪೆಟ್ಟಿಗೆಯ ಮೂಲೆಯಲ್ಲಿ, ಒದ್ದೆಯಾದ ಹುಲ್ಲಿನ ಮೇಲೆಯೇ ಕುಳಿತಿದ್ದ. ಸೊಪ್ಪನ್ನು ಒಂದು ಮೊಳ ದೂರದಲ್ಲಿಟ್ಟಳು. ಅವನು ಕುತ್ತಿಗೆ ಚಾಚಿದ, ಸಿಕ್ಕಲಿಲ್ಲ. ಸೊಪ್ಪನ್ನು ನೋಡಿದ, ಅವಳನ್ನು ನೋಡಿದ, ಒಂದು ತೀರ್ಮಾನಕ್ಕೆ ಬಂದವನಂತೆ ಹಿಂದಿನ ಎರಡೂ ಕಾಲುಗಳನ್ನು ಒಟ್ಟಿಗೆ ಎಳೆದುಕೊಂಡು ಮೊಲದ ಹಾಗೆ ಒಂದು ಕುಪ್ಪಳಿಕೆ ಕುಪ್ಪಳಿಸಿದ. ಅಲ್ಲಿಗೆ ಸೊಪ್ಪು ಬಾಯಿಗೆ ಬಂತು. ಮುಂದಿನದನ್ನೆಲ್ಲ ಕುಳಿತೇ ಮುಗಿಸಿದ.

ಟವೆಲು ಹೆಗಲಿಗೆ ಹಾಕಿಕೊಂಡು ಹೊರಬಂದ ಶೇಖರನಿಗೆ ಅವಳು ಇದನ್ನು ಹೇಳಿದಳು.

"ಅವನಿಗೂ ವಯಸ್ಸಾಯ್ತಲ್ಲ ಮಾರಾಯ್ತಿ" ಎಂದು ಅವನು ದೋಸೆಗೆ ಕುಳಿತ. "ಬೆಳಿಗ್ಗೆ ಎದ್ದ ಕೂಡಲೇ ಓಡು ಅಂದ್ರೆ ನಾನು ಓಡ್ತೇನಾ? ಮತ್ತೆ ನಿನ್ನ ಕೈಯದ್ದು ತಿಂದು ತಿಂದು ಸೊಂಬೇರಿ ಆಗಿದ್ದಾನೆ. ನನ್ನ ಹಾಗೆ."

ಆಮೇಲೆ ಅವನ ಮಾತು ಆ ದಿನಗಳಲ್ಲಿ ಎಲ್ಲ ಮಾತೂ ಹೋಗಿ ಸೇರುತ್ತಿದ್ದ ಜಾಗಕ್ಕೇ ಹೋಯಿತು. ಅವರ ಬಿಲ್ಡಿಂಗನ್ನು ಕೆಡವಿ ಹೊಸತು ಕಟ್ಟುವುದೆಂದು ಸೊಸೈಟಿಯಲ್ಲಿ ತೀರ್ಮಾನವಾಗಿತ್ತು. ಹೊಸ ಮನೆ ಕೈಗೆ ಬರುವವರೆಗೆ ಮೂರೋ ನಾಲ್ಕೋ ವರ್ಷ ಬೇರೆಲ್ಲಾದರೂ ಬಾಡಿಗೆಗೆ ಇರಬೇಕು. ಶೇಖರ ಅಂಧೇರಿಯಲ್ಲಿ, ಹೋಟೆಲಿನ ಬೆನ್ನಿಗೇ ಒಂದು ಫ್ಲ್ಯಾಟು ಹುಡುಕಿದ್ದ. ನಾಲ್ಕನೆಯ ಮಾಳಿಗೆ, ಹಳೆಯ ಬಿಲ್ಡಿಂಗು, ಇಲ್ಲಿಯ ಹಾಗೆ ಲಿಫ್ಟ್ ಇಲ್ಲ. ಆದರೆ ಗಾಳಿ ಬೆಳಕು ಧಾರಾಳ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮನೆಗೆ ಬಂದು ಒಂದು ಗಳಿಗೆ ಬೆನ್ನು ನೇರ ಮಾಡಬಹುದು ಎಂಬುದನ್ನು ಅವನು ಹೇಳುವಾಗ, ಮಕ್ಕಳು ಐಸ್‌ಕ್ರೀಮಿನ ಮಾತಾಡುವಾಗ ಆಗುವಂತೆ ಮುಖ ಬೆಳಗುತ್ತಿತ್ತು. ವರ್ಷಗಟ್ಟಲೆ ಘಾಟ್ಕೋಪರಿನಿಂದ ಅಂಧೇರಿಗೆ ನೇತಾಡಿಕೊಂಡು ಹೋಗಿಬಂದ ಮನುಷ್ಯ. ಅವನ ಆಸೆಯಲ್ಲಿ ತಪ್ಪು ಹುಡುಕಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಭಾನುವಾರ ಎಲ್ಲರೂ ಹೋಗಿ ನೋಡುವುದು, ಅವಳು ಹೂಂ ಅಂದರೆ ಸೋಮವಾರ ಕರಾರಿಗೆ ಸಹಿ. ಮೆಟ್ಟಿಲು ಒಂದು ಸ್ವಲ್ಪ ಇಕ್ಕಟ್ಟು ಎಂದು ಶೇಖರ ಚಟ್ನಿ ಹಾಕಿಸಿಕೊಳ್ಳುತ್ತ ಹೇಳಿದ. ಎಷ್ಟು ಇಕ್ಕಟ್ಟೆಂದರೆ ಮೇಲಿನಿಂದ ಬರುವವನಿಗೆ ಕೆಳಗಿನವನು ಗೋಡೆಗೆ ಅಂಟಿ ನಿಂತು ದಾರಿ ಕೊಡಬೇಕು, ಫ್ರಿಜ್ಜನ್ನು ಹೊರಗಿನಿಂದಲೇ ಹಗ್ಗ ಕಟ್ಟಿ ಎತ್ತಬೇಕು.

"ನಿನಗೆಂತ ತೊಂದರೆ" ಎಂದು ಅವನೇ ಉತ್ತರವನ್ನೂ ಹೇಳಿದ. "ನೀನು ಹತ್ತಿ, ಇಳಿದು, ಮರೆತ ಕೊತ್ತಂಬರಿಗೆ ಮತ್ತೊಮ್ಮೆ ಹತ್ತುವವಳು. ಬ್ರೋಕರನಿಗೆ ಹೇಳಿಬಿಟ್ಟಿದ್ದೇನೆ, ನನ್ನ ಹೆಂಡತಿಗೆ ಕೂರುದು ಅಂದ್ರೆ ಎಂತ ಅಂತ ಗೊತ್ತಿಲ್ಲ ಅಂತ."

ಈ ಮಾತು ನೀಲಾವತಿಗೆ ಹೊಸದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನಾಲ್ಕು ಜನರ ಮುಂದೆ ಹೇಳಿದ್ದು: ಈ ಹುಡುಗಿಗೆ ಕೂರುವುದು ಗೊತ್ತಿಲ್ಲ. ಆಮೇಲೆ ನಾದಿನಿಯರು ಹೇಳಿದರು, ಭಜನಾ ಮಂಡಳಿಯವರು ಹೇಳಿದರು. ಬಂಗಾರದ ಬಳೆಯಾದರೆ ವರ್ಷಕ್ಕೆರಡು ಸಲ ತೆಗೆದು ಹಾಕಿಕೊಳ್ಳುವುದು, ಈ ಹೊಗಳಿಕೆಯನ್ನು ಅವಳು ದಿನಾ ಹಾಕಿಕೊಂಡೇ ಓಡಾಡಿದ್ದಳು. ಈಗ ಅದು ಬಿಗಿಯಾಗಿತ್ತು, ಕೈಯಿಂದ ಹೊರಗೆ ಬರುತ್ತಿರಲಿಲ್ಲ.

ಎಡಗಾಲಿನ ಮಂಡಿಯಲ್ಲಿ ಏನೋ ಒಂದು ಹಿಡಿತ. ನೋವು ಎಂದು ಅವಳು ಅದಕ್ಕೆ ಹೆಸರಿಟ್ಟಿರಲಿಲ್ಲ. ಹೆಸರಿಟ್ಟರೆ ಮನೆಯಲ್ಲಿ ಒಬ್ಬ ಜಾಸ್ತಿಯಾದ ಹಾಗೆ, ಅದಕ್ಕೂ ಜಾಗ ಮಾಡಬೇಕು. ಕೊನೆಗಾಲದಲ್ಲಿ ಅತ್ತೆ "ಗಂಟು ನೋವು" ಎಂದು ಬಾಯಿಬಿಟ್ಟದ್ದೇ ತಡ, ಹಾಲಿನ ಕಿಟಕಿಯ ಬದಿಗೆ ಒಂದು ಕುರ್ಚಿ ಬಂದಿತ್ತು. ಎಲ್ಲರೂ ಪ್ರೀತಿಯಿಂದಲೇ ತಂದ ಕುರ್ಚಿ. ಆಮೇಲೆ ಆ ಮನೆಯಲ್ಲಿ ಸಾಂಬಾರಿಗೆ ಯಾವ ತರಕಾರಿ ಎಂದು ಅತ್ತೆಯನ್ನು ಯಾರೂ ಕೇಳಲಿಲ್ಲ.

*

ಗೋಳಿಯ ವಿಷಯ ಹೊರಬಿದ್ದದ್ದು ನಮಿತಾಳಿಂದ. ಅವಳ ಆಫೀಸು ಪವಾಯಿಯಲ್ಲಿ. ಮೊದಲು ಮನೆಯಿಂದಲೇ ಕೆಲಸ ಮಾಡುತ್ತಿದ್ದವಳನ್ನು ಮಳೆಗಾಲ ಶುರುವಾಗುವ ಹೊತ್ತಿಗೆ ದಿನಾ ಬಾ ಎಂದು ಕರೆಸಿಕೊಂಡಿದ್ದರು. ಅಲ್ಲಿಂದ ಗೋಳಿಯ ಊಟ ತಿಂಡಿ ನೀಲಾವತಿಯ ಪಾಲಿಗೆ ಬಂದಿತ್ತು. ಒಂದು ಸಂಜೆ ಬೇಗ ಬಂದವಳು ಅವನನ್ನು ಮಡಿಲಿಗೆ ಎತ್ತಿಕೊಂಡು, ಮಗುಚಿ ನೋಡಿ, "ಅಮ್ಮಾ, ಇಧರ್ ಆವೋ" ಎಂದಳು. ಬಾಲದ ಜಾಗದ ಕೂದಲು ಗಂಟುಕಟ್ಟಿ ಅಂಟಾಗಿತ್ತು. ಹಿಂಗಾಲಿನ ಪಾದದಡಿ ಕೆಂಪಗಾಗಿತ್ತು. ಉಗುರು ಬೆಳೆದು ಕೊಕ್ಕೆಯಾಗಿತ್ತು. ಮೈ ಹಗುರಾಗಿದೆ ಎಂದು ಅವಳಿಗೆ ಅನುಮಾನ, ಕೂದಲು ಉಬ್ಬಿ ದಪ್ಪ ಕಾಣುತ್ತದೆ ಅಷ್ಟೆ. ಆಫೀಸಿನ ಹತ್ತಿರವೇ ಇಂಥ ಸಣ್ಣ ಪ್ರಾಣಿಗಳನ್ನು ನೋಡುವ ಡಾಕ್ಟರೊಬ್ಬರು ಇದ್ದಾರಂತೆ. ಶುಕ್ರವಾರ ಊಟದ ಹೊತ್ತಿಗೆ ಅಮ್ಮ ಅವನನ್ನು ಕರೆತರುವುದು, ತಾನು ಅಲ್ಲಿಗೇ ಬರುವುದು ಎಂದು ತೀರ್ಮಾನವಾಯಿತು.

ಹೀಗೆ ಗೋಳಿಬಜೆ ತರಕಾರಿ ಬುಟ್ಟಿಯಲ್ಲಿ, ಶೇಖರನ ಹಳೆಯ ಬನಿಯನ್ನಿನ ಮೇಲೆ ಕುಳಿತು, ರಿಕ್ಷಾದಲ್ಲಿ ಪವಾಯಿಗೆ ಹೊರಟ. ಬುಟ್ಟಿಯೊಳಗೆ ಏನೆಂದು ರಿಕ್ಷಾದವನು ಕೇಳಿದ್ದಕ್ಕೆ ನೀಲಾವತಿ ಹಿಂದಿಯಲ್ಲಿ ಬಜೆ ಎಂದಳು. ಬಜೆ ವೀಕ್ ಎಂದಿತು. ಅವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ಆಗಾಗ ನೋಡಿದ.

ಕ್ಲಿನಿಕ್ಕಿನಲ್ಲಿ ಒಂದು ಲ್ಯಾಬ್ರಡಾರು, ಸಿಟ್ಟಿನ ಬೆಕ್ಕು, ಎರಡು ಗಿಣಿ ಕಾದು ಕುಳಿತಿದ್ದವು. ನಾಯಿಯ ವಾಸನೆಗೆ ಗೋಳಿ ಬನಿಯನ್ನಿನ ಒಳಗೆ ಸೇರಿಕೊಂಡ. ಒಳಗೆ ಕರೆದಾಗ ಹೊರಗೆಳೆಯುವುದೇ ದೊಡ್ಡ ಕೆಲಸವಾಯಿತು.

"ಸುಮ್ಮನೆ ಬಾ ಮಾರಾಯ, ಡಾಕ್ಟ್ರು ನಿನ್ನನ್ನೇನು ತಿನ್ನುದಿಲ್ಲ" ಎಂದು ನೀಲಾವತಿ ಗದರಿದಳು.

"ತಿನ್ನಂಗಿಲ್ಲ ಬಿಡಪ್ಪಾ, ನಂದು ಈಗರೆ ಊಟ ಆಗೇದ" ಎಂದು ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೇಳಿದರು.

ಪವಾಯಿಯ ಕ್ಲಿನಿಕ್ಕಿನಲ್ಲಿ ವಿಜಯಪುರದ ಕನ್ನಡ ಕೇಳಿ ನೀಲಾವತಿಗೆ ಬುಟ್ಟಿ ಹಗುರಾದ ಹಾಗಾಯಿತು. ಡಾಕ್ಟರ ಹೆಸರು ಪ್ರಣೀತಾ. ಅಪ್ಪ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು, ಮನೆಯಲ್ಲಿ ಅವ್ವನ ಭಾಷೆ ಬಿಟ್ಟಿಲ್ಲ ಎಂದೆಲ್ಲ ಹೇಳುತ್ತಲೇ ಅವರು ನೆಲದ ಮೇಲೆ ಯೋಗದ ಚಾಪೆ ಹಾಸಿ, ಗೋಳಿಯನ್ನು ಅದರ ಮೇಲೆ ಬಿಟ್ಟು, ತಾವೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ಅಷ್ಟರಲ್ಲಿ ನಮಿತಾ ಏದುಸಿರು ಬಿಡುತ್ತ ಬಂದು ಅವಳೂ ಕುಳಿತಳು.

"ನೀವೂ ಕುಂದರ್ರಿ" ಎಂದರು ಡಾಕ್ಟರು.

"ನಾನು ನಿಂತೇ ಸರಿ. ರಿಕ್ಷಾದಲ್ಲಿ ಕೂತು ಸಾಕಾಗಿದೆ" ಎಂದಳು ನೀಲಾವತಿ.

ಡಾಕ್ಟರು ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ಗೋಳಿಯ ಕಡೆ ತಿರುಗಿದರು. ಅವನು ಚಾಪೆಯ ಮೇಲೆ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಗೋಡೆಯ ಕಡೆ ಹೊರಟ. ಮೊದಲ ಹೆಜ್ಜೆಗಳು ಮರದ ಗೊಂಬೆಯ ಹಾಗೆ, ಹೋಗುತ್ತ ಹೋಗುತ್ತ ಸ್ವಲ್ಪ ಸಡಿಲವಾಯಿತು. ಕುಳಿತು ಎದ್ದಾಗ ಬಿಗಿತ, ನಡೆದ ಮೇಲೆ ವಾಸಿ, ಇದು ಗಂಟಿನ ತೊಂದರೆಯ ಗುರುತು ಎಂದರು. ಕಾಲುಗಳನ್ನು ಒಂದೊಂದಾಗಿ ಹಿಡಿದು ಮಡಿಚಿ ಬಿಡಿಸಿದರು. ಹಿಂದಿನ ಎಡಗಾಲಿಗೆ ಬಂದಾಗ ಅವನು ಕೂಗಲಿಲ್ಲ, ಕೊಸರಲಿಲ್ಲ, ಕಟಕಟ ಎಂದು ಹಲ್ಲು ಮಸೆದ. ಎಷ್ಟು ಮೆಲ್ಲಗೆ ಎಂದರೆ ಕಿವಿಗೊಟ್ಟವರಿಗೆ ಮಾತ್ರ ಕೇಳಬೇಕು. ಎಕ್ಸ್‌ರೇಯಲ್ಲಿ ಆ ಮಂಡಿಯ ಅಂಚು ಸವೆದು ಒರಟಾಗಿದ್ದು ನೀಲಾವತಿಗೂ ಕಂಡಿತು. ಅಕ್ಕಿಕಾಳಿನಷ್ಟು ಗಂಟು, ಅದಕ್ಕೂ ಇಷ್ಟು ಕಷ್ಟ.

ತಿನ್ನಲು ಏನು ಕೊಡುತ್ತೀರಿ ಎಂಬ ಪ್ರಶ್ನೆ ಬಂದಾಗ ನೀಲಾವತಿ ಬೆನ್ನು ನೇರ ಮಾಡಿ ನಿಂತಳು. ಈ ವಿಷಯದಲ್ಲಿ ಅವಳನ್ನು ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ರೈಲ್ವೆ ಹಳಿಯ ಪಕ್ಕದಲ್ಲಿ ಗಟಾರದ ನೀರು ಕುಡಿದು ಬೆಳೆದ ಸೊಪ್ಪನ್ನು ಮಾರುತ್ತಾರೆಂದು ಮುಂಬಯಿಯ ಯಾವ ಹೆಂಗಸಿಗೆ ಗೊತ್ತಿಲ್ಲ? ಅದಕ್ಕೇ ಅವಳ ಮನೆಗೆ ಬಂದ ಸೊಪ್ಪೆಲ್ಲ ಉಪ್ಪು ಅರಸಿನ ಹಾಕಿದ ಕುದಿನೀರಿನಲ್ಲಿ ಮುಳುಗೆದ್ದೇ ಮುಂದೆ ಹೋಗಬೇಕು. ಹೋಟೆಲಿನಲ್ಲೂ ಅದೇ ಪದ್ಧತಿ, ಹೇಳಿಕೊಟ್ಟವಳು ಅವಳೇ. ಮನೆಯವರಿಗೊಂದು, ಮೂಕಪ್ರಾಣಿಗೊಂದು ಎಂದು ಭೇದ ಮಾಡುವವಳಲ್ಲ ತಾನು. ಗೋಳಿಯ ಸೊಪ್ಪನ್ನೂ ಹಾಗೆಯೇ ಅದ್ದಿ, ಆರಿಸಿ, ಉಪ್ಪು ಹೋಗುವ ಹಾಗೆ ತೊಳೆದು ಕೊಡುತ್ತಿದ್ದೇನೆ ಎಂದಳು.

"ಅಮ್ಮ, ನೀನು ಅವನಿಗೆ ಬೇಯಿಸಿ ಕೊಡ್ತಿದ್ದಿಯಾ?" ಎಂದಳು ನಮಿತಾ.

"ಬೇಯಿಸಿ ಅಲ್ಲ. ಅದ್ದಿ."

ಡಾಕ್ಟರಿಗೆ ನಗು ಬಂತು, ಆದರೆ ನಗು ಮುಗಿಯುವವರೆಗೆ ಮುಖ ಗೋಳಿಯ ಕಡೆ ತಿರುಗಿಸಿಕೊಂಡಿದ್ದರು. "ಇವಕ್ಕ ಸಿ ಜೀವಸತ್ವ ಮೈಯಾಗ ತಯಾರಾಗಂಗಿಲ್ರಿ, ನಮ್ಮಂಗನ. ತಿಂದ್ರ ಬರ್ತದ, ಇಲ್ಲಂದ್ರ ಇಲ್ಲ. ಕುದಿನೀರಾಗ ಅದ್ದಿದ್ರ ಅದೆಲ್ಲ ನೀರಿನ ಕೂಡ ಮೋರಿಗೆ ಹೋತು. ಅದು ಕಡಿಮಿ ಆದ್ರ ಗಂಟು ಬಾಯ್ತಾವ, ನೋಯ್ತಾವ."

ಒಣ ಆಹಾರದ ಪ್ಯಾಕೆಟ್ಟು ಕೂಡ ಒಡೆದು ತಿಂಗಳುಗಳಾಗಿದ್ದರಿಂದ ಅದರಲ್ಲಿದ್ದದ್ದೂ ಸತ್ತುಹೋಗಿತ್ತಂತೆ. ನಮಿತಾಳ ಕಣ್ಣಲ್ಲಿ ನೀರಾಡಿತು. ಪೂರ್ತಿ ಇದರಿಂದಲೇ ಆದದ್ದಲ್ಲ, ವಯಸ್ಸಿನ ಸವೆತವೂ ಇದೆ, ಸವೆದದ್ದು ಮರಳಿ ಬಾರದು, ಆದರೆ ನೋವನ್ನು ಬಹಳ ಮಟ್ಟಿಗೆ ಇಳಿಸಬಹುದು ಎಂದು ಡಾಕ್ಟರು ಸಮಾಧಾನ ಮಾಡಿದರು. ಹನಿ ಲೆಕ್ಕದಲ್ಲಿ ಕುಡಿಸುವ ಒಂದು ಔಷಧಿ, ಜೀವಸತ್ವದ ಇನ್ನೊಂದು. ಸೊಪ್ಪನ್ನು ತಣ್ಣೀರಿನಲ್ಲಿ ನಾಲ್ಕು ಸಲ ತೊಳೆದು ಹಸಿಯಾಗಿಯೇ ಕೊಡಬೇಕು, ದಿನಕ್ಕೊಂದು ಹೋಳು ದೊಣ್ಣೆಮೆಣಸು ಹಸಿಯಾಗಿಯೇ. ನುಣುಪು ನೆಲದ ಮೇಲೆ ಕಾಲು ಜಾರದಂತೆ ದಪ್ಪ ಬಟ್ಟೆ. ಜಾರುದಾರಿ, ಹೊಸ್ತಿಲು, ಎತ್ತರ ಯಾವುದೂ ಬೇಡ.

"ನೋವಿನ ಮಾತ್ರೆ ಮನೆಯಲ್ಲೇ ಉಂಟು" ಎಂದಳು ನೀಲಾವತಿ. "ಅದರದ್ದೇ ಒಂದು ಚೂರು ಕೊಟ್ಟರೆ ಆಗ್ಲಿಕ್ಕಿಲ್ಲವಾ?"

"ನಮ್ಮನೇಲಿ ನೋವಿನ ಮಾತ್ರೆ ಯಾರಿಗೆ?" ಎಂದಳು ನಮಿತಾ.

"ಮನೆ ಅಂದ ಮೇಲೆ ಇಟ್ಟಿರ್ತಾರೆ."

ಮನುಷ್ಯರ ಮಾತ್ರೆ ಚೂರೂ ಕೂಡದು, ಇಷ್ಟು ಸಣ್ಣ ಜೀವಕ್ಕೆ ಅದು ವಿಷವಾದೀತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹೇಳಿ, ಎದ್ದು, ಮೂಲೆಯಲ್ಲಿದ್ದ ಎತ್ತರದ ಸ್ಟೂಲನ್ನು ಮಾತಿಲ್ಲದೆ ನೀಲಾವತಿಯ ಹಿಂದೆ ತಂದಿಟ್ಟರು. ಅವಳು ಬೇಡವೆನ್ನಬೇಕೆಂದು ಬಾಯಿ ತೆರೆದು, ಕುಳಿತುಬಿಟ್ಟಳು.

"ನಾನು ದಿನಾ ನೋಡ್ತಿದ್ದೆ ಡಾಕ್ಟರ್" ಎಂದು ನಮಿತಾ ಮೂಗು ಒರೆಸಿಕೊಂಡಳು. "ಖಾತಾ ಥಾ, ತಿಂತಿದ್ದ, ಕೂಗ್ತಿದ್ದ. ಗೊತ್ತೇ ಆಗ್ಲಿಲ್ಲ."

"ಗೊತ್ತಾಗಬಾರದು ಅಂತನ ಅದು ಹಂಗಿರ್ತದ. ಅಡವಿಯೊಳಗ ಕುಂಟೂದನ್ನ ಮೊದಲು ಹಿಡೀತಾವ ನೋಡ್ರಿ, ಅದಕ್ಕ ನೋವು ಮುಚ್ಚಿಟ್ಕೊಂಡು ಸುದ್ದ ಇದ್ದಂಗ ಇರ್ತಾವ." ಡಾಕ್ಟರು ಗೋಳಿಯ ಉಗುರು ಕತ್ತರಿಸುತ್ತಿದ್ದರು. "ಏನು ಮಾಡ್ತದ ಅಂತ ನೋಡಬ್ಯಾಡ್ರಿ. ಏನು ಮಾಡೂದು ಬಿಟ್ಟದ ಅಂತ ನೋಡ್ರಿ."

*

ವಾಪಸು ಬರುವಾಗ ರಿಕ್ಷಾ ಒಂದು ಮೆಟ್ರೋ ಕಂಬದಿಂದ ಇನ್ನೊಂದು ಮೆಟ್ರೋ ಕಂಬಕ್ಕೆ ತೆವಳುತ್ತಿತ್ತು. ಬುಟ್ಟಿಯಲ್ಲಿ ಗೋಳಿ ಔಷಧಿಯ ಮೊದಲ ಹನಿ ಕುಡಿದು ತೂಕಡಿಸುತ್ತಿದ್ದ. ಏನು ಮಾಡುವುದು ಬಿಟ್ಟಿದೆ ಎಂಬ ಮಾತು ನೀಲಾವತಿಯ ತಲೆಯಲ್ಲಿ ನೊಣದ ಹಾಗೆ ಸುತ್ತಿತು. ಓಡಿಸಿದರೂ ಹೋಗಲಿಲ್ಲ.

ಅವಳೇನು ಬಿಟ್ಟಿದ್ದಳು? ಏನೂ ಬಿಟ್ಟಿಲ್ಲ ಎಂದು ಮೊದಲು ಅನ್ನಿಸಿತು. ಅಡುಗೆ ಬಿಟ್ಟಿಲ್ಲ, ಮಾರ್ಕೆಟ್ಟು ಬಿಟ್ಟಿಲ್ಲ. ಆಮೇಲೆ ಕುಚ್ಚಲಕ್ಕಿಯ ಡಬ್ಬಿ ನೆನಪಾಯಿತು. ಕೆಳಗಿನ ಕಪಾಟಿನಲ್ಲಿ ಜಿರಳೆ ಎಂದು ಹೇಳಿ ಅಕ್ಕಿ, ಉದ್ದು, ಬೆಲ್ಲ ಎಲ್ಲವನ್ನೂ ಅಡುಗೆಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಜಿರಳೆ ಆ ಕಪಾಟಿನಲ್ಲಿ ಯಾವತ್ತೂ ಇರಲಿಲ್ಲ. ಶನಿವಾರದ ಭಜನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕುಳಿತರೆ ಅವಳು ಹಿಂದೆ ನಿಂತು ಪ್ರಸಾದದ ಬಾಳೆಹಣ್ಣು ಹೋಳು ಮಾಡುತ್ತಿದ್ದಳು. ಎಂಥ ಸೇವೆ, ಒಂದು ನಿಮಿಷ ಕೂರುವುದಿಲ್ಲ ನೀಲಾವತಿಯಕ್ಕ ಎಂದು ಹೊಗಳಿಸಿಕೊಂಡೂ ಬರುತ್ತಿದ್ದಳು. ಲೋಕಲ್ ಬಿಟ್ಟು ಮೆಟ್ರೋ ಹಿಡಿದದ್ದು ಎ.ಸಿ.ಗೆಂದು ಶೇಖರ ತಮಾಷೆ ಮಾಡುತ್ತಿದ್ದ. ಎ.ಸಿ.ಯಲ್ಲ, ಎಸ್ಕಲೇಟರು. ಬಾಗಿಲಿನ ಮುಂದಿನ ರಂಗೋಲಿಯ ಜಾಗದಲ್ಲಿ ಸ್ಟಿಕ್ಕರು. ಎಲ್ಲಿಯಾದರೂ ಮೆಟ್ಟಿಲು ಬಂತೆಂದರೆ "ನೀವು ಹೋಗಿ, ನನ್ನ ಚಪ್ಪಲಿಯ ಪಟ್ಟಿ ಸಡಿಲಾಗಿದೆ" ಎಂದು ಎಲ್ಲರನ್ನೂ ಮುಂದೆ ಕಳಿಸಿ, ಅವರು ಕಣ್ಮರೆಯಾದ ಮೇಲೆ ಕಂಬಿ ಹಿಡಿದು ಓರೆಯಾಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ ಹತ್ತುವುದು. ಅವಳ ಚಪ್ಪಲಿಗಳಷ್ಟು ಸಲ ಪಟ್ಟಿ ಸಡಿಲಾಗುವ ಚಪ್ಪಲಿ ಮುಂಬಯಿಯಲ್ಲೇ ಇರಲಿಕ್ಕಿಲ್ಲ. ಒಬ್ಬರೂ ಕೇಳಿರಲಿಲ್ಲ.

ಕೇಳದವರ ಮೇಲೆ ಒಂದು ಕ್ಷಣ ಸಿಟ್ಟು ಬಂತು. ಗೋಳಿಯನ್ನು ದಿನಕ್ಕೆ ಎರಡು ಹೊತ್ತು ನೋಡುತ್ತಿದ್ದ ತನಗೇ ಗೊತ್ತಾಗಲಿಲ್ಲವಲ್ಲ ಎಂದು ನೆನಪಾಗಿ ಸಿಟ್ಟು ಅರ್ಧದಲ್ಲೇ ನಿಂತಿತು. ಅವಳಿಗೆ ನಗು ಬಂತು. ಮುಚ್ಚಿಡುವ ಕೆಲಸದಲ್ಲಿ ಅವಳೂ ಅವನೂ ಇಬ್ಬರೂ ಹುಷಾರು. ಒಂದೇ ವ್ಯತ್ಯಾಸ, ನಾಲ್ಕನೆಯ ಮಾಳಿಗೆಗೆ ಅವನನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗುತ್ತಾರೆ, ಅವಳು ನಡೆದೇ ಹತ್ತಬೇಕು.

ಅಂಧೇರಿಯ ಆ ಮೆಟ್ಟಿಲುಗಳನ್ನು ದಿನಾ ಹತ್ತಿ ಇಳಿಯಲು ಈ ಮಂಡಿಯಿಂದ ಆಗದು. ಹಾಗೆಂದು ಅವಳು ತನಗೆ ತಾನೇ ಪೂರ್ತಿ ವಾಕ್ಯದಲ್ಲಿ ಹೇಳಿಕೊಂಡದ್ದು ಅದೇ ಮೊದಲು. ಆದರೆ ಹತ್ತಲಾರದವಳು ಮೇಲೆಯೇ ಉಳಿಯುತ್ತಾಳೆ. ನಾಲ್ಕನೆಯ ಮಾಳಿಗೆಯಲ್ಲಿ, ಧಾರಾಳ ಗಾಳಿ ಬೆಳಕಿನಲ್ಲಿ, ಕಿಟಕಿಯ ಬದಿಯ ಒಂದು ಕುರ್ಚಿಯಲ್ಲಿ.

*

ಶನಿವಾರ ಬೆಳಿಗ್ಗೆಯಿಂದ ಬಾಲ್ಕನಿಯಲ್ಲಿ ರಿಪೇರಿ. ಜಾರುದಾರಿ ಕಳಚಿತು. ಪೆಟ್ಟಿಗೆಯ ಮುಂದಿನ ಪಟ್ಟಿಯನ್ನು ಶೇಖರನೇ, ಹೋಟೆಲಿಗೆ ಹೊರಡುವ ಮುಂಚೆ, ಗರಗಸ ತಂದು ನೆಲದ ಮಟ್ಟಕ್ಕೆ ಕೊಯ್ದುಕೊಟ್ಟ. ಹೊಸ್ತಿಲಿನ ಎರಡೂ ಬದಿಗೆ ಹಳೆಯ ರಜಾಯಿಯನ್ನು ಮಡಿಚಿ ನಮಿತಾ ಸಣ್ಣ ಇಳಿಜಾರು ಮಾಡಿದಳು. ಅಲ್ಲಿಂದ ಅಡುಗೆಮನೆಯವರೆಗೆ ದಪ್ಪ ಬೆಡ್‌ಶೀಟು, ಮದುವೆಮನೆಯಲ್ಲಿ ಮದುಮಗನಿಗೆ ಹಾಸಿದ ಹಾಗೆ. ನೀರಿನ ಬಾಟಲಿ ಕೆಳಗಿಳಿಯಿತು.

"ಇಲಿಗೆ ಇನ್ನು ಲಿಫ್ಟ್ ಒಂದು ಬಾಕಿ" ಎಂದ ಶೇಖರ, ಗರಗಸದ ಹೊಟ್ಟು ಕೊಡವುತ್ತ.

"ಅವನಿಗೆ ಲಿಫ್ಟ್ ಬೇಡ. ಹತ್ತಲಿಕ್ಕೆ ಹೇಳದಿದ್ದರೆ ಸಾಕು" ಎಂದಳು ನೀಲಾವತಿ.

ಅವನು ನಕ್ಕ. ಬಗ್ಗಿ, ತನ್ನ ಹೆಬ್ಬೆರಳಿನಿಂದ ಗೋಳಿಯ ನೆತ್ತಿಯನ್ನು ಮೆತ್ತಗೆ ಒತ್ತಿ, ನೋವಾಗುತ್ತಿದ್ದರೆ ಒಂದು ಮಾತು ಹೇಳಬಾರದಿತ್ತಾ ಬೇವರ್ಸಿ ಎಂದು ಕೇಳಿದ. ಆ ಕೇಳುವಿಕೆಯಲ್ಲಿ ತಮಾಷೆ ಎಷ್ಟಿತ್ತೋ ಅಷ್ಟೇ ಮರುಕವೂ ಇತ್ತು. ಅದನ್ನು ನೀಲಾವತಿ ಬಾಗಿಲಿಗೆ ಒರಗಿ ನೋಡಿದಳು. ಗೊತ್ತಾದ ದಿನ ಗರಗಸ ಹಿಡಿಯುವ ಮನುಷ್ಯ ಇವನು. ಗೊತ್ತಾಗುವವರೆಗೆ ಮಾತ್ರ ಏನೂ ಗೊತ್ತಾಗದವನು.

ಸಂಜೆ ಅವಳು ಕೊತ್ತಂಬರಿ ಸೊಪ್ಪನ್ನು ನಲ್ಲಿಯ ಕೆಳಗೆ ಹಿಡಿದಳು. ಕೈ ಅಭ್ಯಾಸಬಲದಿಂದ ಒಲೆಯ ಮೇಲೆ ನೀರಿಡಲು ಹೋಗಿತ್ತು, ಹಿಂದೆಳೆದುಕೊಂಡಳು. ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದಳು, ಗಟಾರದ ನೆನಪು ಹೋಗುವವರೆಗೆ. ದೊಣ್ಣೆಮೆಣಸಿನ ಒಂದು ಹೋಳು ಕೊಯ್ದಳು. ಹಾಲಿನಲ್ಲಿ ತಂದೆ ಮಗಳು ನಾಳೆಯ ಮಾತಾಡುತ್ತಿದ್ದರು. ಭಜನೆಗೆ ಅವಳು ಆ ದಿನ ಚಕ್ಕರ್ ಹೊಡೆದಿದ್ದಳು. ಹೋಟೆಲಿನಿಂದ ನಾಲ್ಕು ಗಂಟೆಗೇ ಮನೆಗೆ ಬಂದ ಶೇಖರ, ಹೊಸ ಮನೆಯ ಯಾವ ಕೋಣೆಯಲ್ಲಿ ಯಾವ ಕಡೆ ತಲೆಹಾಕಿ ಮಲಗಿದರೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ ಎಂಬಲ್ಲಿಯವರೆಗೆ ಬಂದಿದ್ದ.

ಫ್ರಿಜ್ಜಿನ ಬಾಗಿಲು ಪಚ್ ಎಂದಿತು. ವೀಕ್ ವೀಕ್ ಕೇಳಿಸಿತು. ಅವಳು ಹೋಗಿ ಕೊಡಲಿಲ್ಲ, ಕಾದಳು. ಸ್ವಲ್ಪ ಹೊತ್ತಿಗೆ ಬೆಡ್‌ಶೀಟಿನ ಆ ತುದಿಯಲ್ಲಿ ಹೊಂಬಣ್ಣದ ಮೂತಿ ಕಾಣಿಸಿತು. ಗೋಳಿ ರಜಾಯಿಯ ಇಳಿಜಾರು ಇಳಿದ. ನಡೆದು ಬಂದ. ಕುಪ್ಪಳಿಸಲಿಲ್ಲ, ಅವಸರ ಮಾಡಲಿಲ್ಲ. ಎಡಗಾಲನ್ನು ಒಂದು ಚೂರು ಹೊರಗೆ ಹಾಕಿ, ಕುಂಟುತ್ತ, ಮಧ್ಯದಲ್ಲಿ ಒಮ್ಮೆ ನಿಂತು ಸುಧಾರಿಸಿಕೊಂಡು, ಮತ್ತೆ ಹೊರಟ. ಹಾಲಿನಲ್ಲಿ ಮಾತು ನಿಂತಿತ್ತು. ಶೇಖರ ಕಾಲು ಮಡಿಚಿ ಅವನಿಗೆ ದಾರಿ ಬಿಟ್ಟುಕೊಟ್ಟಿದ್ದ, ನಮಿತಾ ಫೋನು ಕೆಳಗಿಟ್ಟಿದ್ದಳು. ಇಡೀ ಮನೆ ಅವನ ನಡಿಗೆಯ ವೇಗಕ್ಕೆ ಇಳಿದು ಕಾಯುತ್ತಿತ್ತು. ಅವನಿಗೆ ಅದರ ಪರಿವೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ದೊಣ್ಣೆಮೆಣಸಿನವರೆಗೆ ಬಂದ, ಕಟುಂ ಎಂದು ಕಡಿದ.

ನೀಲಾವತಿ ಅವನ ಬೆನ್ನನ್ನು ನೋಡುತ್ತ ನಿಂತಳು. ನಾಳೆ ಅಂಧೇರಿಯಲ್ಲಿ ಮೆಟ್ಟಿಲಿನ ಬುಡಕ್ಕೆ ಬಂದಾಗ ಶೇಖರ ಎಂದಿನಂತೆ ಹಿಂತಿರುಗಿ ನೋಡುತ್ತಾನೆ, ನಮಿತಾ ಫೋನು ನೋಡುತ್ತ ನಿಂತಿರುತ್ತಾಳೆ, ಬ್ರೋಕರು ಕೀಲಿಕೈ ಆಡಿಸುತ್ತಿರುತ್ತಾನೆ. ಅವಳ ಚಪ್ಪಲಿಯ ಪಟ್ಟಿ ನಾಳೆ ಸಡಿಲಾಗುವುದಿಲ್ಲ. ಎಲ್ಲರಿಗಿಂತ ಮುಂದೆ ಅವಳೇ ಹತ್ತುತ್ತಾಳೆ. ಮಂಡಿ ಹೇಗೆ ಹೇಳುತ್ತದೋ ಹಾಗೆ, ಕಂಬಿ ಹಿಡಿದು, ಓರೆಯಾಗಿ, ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ, ತಿರುವಿನಲ್ಲಿ ಬೇಕಾದಷ್ಟು ಹೊತ್ತು ನಿಂತು. ಇಕ್ಕಟ್ಟಿನ ಮೆಟ್ಟಿಲು. ಅವಳನ್ನು ದಾಟಿ ಹೋಗಲು ಯಾರಿಗೂ ಜಾಗವಿರುವುದಿಲ್ಲ, ನೋಡದೆ ಇರಲಿಕ್ಕೂ ಆಗುವುದಿಲ್ಲ.

"ನೀಲಾ, ಎಂತ ಯೋಚನೆ ಅಲ್ಲಿ?" ಎಂದು ಶೇಖರ ಕೂಗಿ ಕೇಳಿದ. "ನಾಳೆ ಎಷ್ಟು ಗಂಟೆಗೆ ಹೊರಡುವ?"

"ಸ್ವಲ್ಪ ಬೇಗ ಹೊರಡುವ" ಎಂದಳು ನೀಲಾವತಿ, ಇನ್ನೊಂದು ಹೋಳು ಕೊಯ್ಯುತ್ತ. "ಹೊತ್ತು ಬೇಕಾದೀತು."